ಮುನ್ನೂರ ನಾಲ್ಕನೇ ಕೋಣೆಯ ಭಂಡಾರ

ನವೆಂಬರ್ 3, ಸೋಮವಾರ

ಈ ಡೈರಿ ಮನೆಯೊಡತಿ ಕೃಷ್ಣಾಬಾಯಿಯವರು ಕೊಟ್ಟದ್ದು, ಇಂಗ್ಲಿಷ್ ವಾಕ್ಯ ಬರೆಯಲಿಕ್ಕೆ. ಯಾವುದೋ ಸೊಸೈಟಿಯವರು ಎರಡು ವರ್ಷದ ಹಿಂದೆ ಹಂಚಿದ ಡೈರಿ. ತಾರೀಖಿಗೂ ವಾರಕ್ಕೂ ತಾಳೆಯಿಲ್ಲ, ಎಲ್ಲ ಹೊಡೆದುಹಾಕಿ ಹೊಸದಾಗಿ ಬರೆದುಕೊಳ್ಳಬೇಕು. ಮುಂದಿನಿಂದ ಇಂಗ್ಲಿಷ್, ಹಿಂದಿನಿಂದ ಕನ್ನಡ ಎಂದು ನಾನೇ ಪಾಲು ಮಾಡಿಕೊಂಡಿದ್ದೇನೆ. ಹಿಂದಿನದು ನನಗೆ ಮಾತ್ರ. ದಿನವಿಡೀ ‘ಯೆಸ್ ಸರ್, ಯೆಸ್ ಮ್ಯಾಡಮ್’ ಅಂದು ಬಂದವಳಿಗೆ ನಾಲ್ಕು ಸಾಲು ಸ್ವಂತದ್ದು ಬೇಕಲ್ಲ.

ಸಾಂಬ್ರಾ ರಸ್ತೆಯ ಹೊಟೇಲಿನಲ್ಲಿ ನಾನು ಕೋಣೆ ಸ್ವಚ್ಛ ಮಾಡುವವಳು. ನಾಲ್ಕು ವರ್ಷವಾಯಿತು. ದಿನಕ್ಕೆ ಹದಿನಾಲ್ಕು ಕೋಣೆ, ಹದಿನಾಲ್ಕು ಬಚ್ಚಲು. ಟೊಂಕ ಈಗ ನನ್ನದೇ ಅನ್ನಿಸುವುದಿಲ್ಲ, ಯಾರದ್ದೋ ಮುರುಕಲು ಟೊಂಕವನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಇವತ್ತು ನಮ್ಮ ಮ್ಯಾನೇಜರು ಅಭಿಜಿತ ಸರ್ ಎಲ್ಲರನ್ನೂ ಕೂಡಿಸಿದರು.

“ಡಿಸೆಂಬರ್‌ದಾಗ ವಿಧಾನಸಭಾ ಅಧಿವೇಶನ ಅದ. ಹೊಟೇಲ್ ತುಂಬತದ. ಮೂರನೇ ಮಜಲಿಗೆ ಒಬ್ರು ಇನ್‌ಚಾರ್ಜ್ ಬೇಕು. ಇಪ್ಪತ್ತೆಂಟಕ್ಕ ಹೆಡ್ ಆಫೀಸಿನ ಮ್ಯಾಡಮ್ ಬರ್ತಾರ. ಇಂಗ್ಲಿಷ್‌ನಾಗ ಮಾತಾಡಿಸಿ ನೋಡ್ತಾರ. ಗೆಸ್ಟ್ ಮುಂದ ಬಾಯಿ ಬಿಡಾಕ ಬರೋವ್ರು ಹೆಸರು ಕೊಡ್ರಿ.”

ಇನ್‌ಚಾರ್ಜ್ ಅಂದರೆ ಯಾರಿಗೆ ಯಾವ ಕೋಣೆ ಎಂದು ಬರೆದ ಶೀಟು ಹಿಡಿದು ನಿಲ್ಲುವ ಕೆಲಸ. ಬಗ್ಗುವುದಿಲ್ಲ, ತಿಕ್ಕುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ. ಹೆಸರು ಕೊಟ್ಟೆ. ಜೊತೆಗೆ ಕೆಲಸ ಮಾಡುವ ಗೌರವ್ವಕ್ಕ ಬೆನ್ನಿಗೆ ಒಂದು ಗುದ್ದಿದಳು.

“ಕೊಡವಾ ನೀ ಪರೀಕ್ಷಾ. ಕಾಲೇಜಿನ ಮೆಟ್ಟಿಲ ಹತ್ತಿದಾಕಿ. ನಾ ಇಂಗ್ಲಿಷ್ ಕಲ್ತು ಯಾರ ಕೂಡ ಮಾತಾಡ್ಲಿ, ಎಮ್ಮಿ ಕೂಡನ?”

ಆಕೆಗೆ ಎಮ್ಮೆಯೂ ಇಲ್ಲ. ಪೀರನವಾಡಿಯಲ್ಲಿ ತಗಡು ಹೊದಿಸಿದ ಒಂದು ಪತ್ರಾಸಿನ ಮನೆ, ಗಂಡ ತೀರಿ ಹತ್ತು ವರ್ಷ. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಖರೆ. ಖಾನಾಪುರದ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದೆ, ಎರಡನೆಯದಕ್ಕೆ ಲಗ್ನವಾಯಿತು.

ನವೆಂಬರ್ 5, ಬುಧವಾರ

ಅನಗೋಳದಲ್ಲಿ ಕೃಷ್ಣಾಬಾಯಿಯವರ ಮನೆಯ ಹಿಂದಿನ ಎರಡು ಕೋಣೆಯಲ್ಲಿ ನಾನು, ಗಂಡ, ಮಗಳು ಬಾಡಿಗೆಗಿದ್ದೇವೆ. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ನಾವೆಲ್ಲ ಬಾಯಾರು ಅನ್ನುತ್ತೇವೆ. ನನಗೆ ಪಾಠ ಹೇಳುವುದಕ್ಕೆ ಫೀಜು ಏನು ಅಂದರೆ, ಸಂಜೆ ಅವರ ಮೊಣಕಾಲಿಗೆ ಎಣ್ಣೆ ತಿಕ್ಕುವುದು. ಅಂತೂ ತಿಕ್ಕುವುದು ನನ್ನ ಹಣೆಬರಹ.

“ದೊಡ್ಡ ದೊಡ್ಡ ಶಬ್ದ ಬ್ಯಾಡ ನಿನಗ,” ಅಂದರು. “ಸಣ್ಣ ಶಬ್ದಕ್ಕ ಒಂದು ಬಾಲ ಹಚ್ಚೂದು. ಇಂಗ್ಲಿಷ್ ಮಂದಿ ಮನ್ಯಾಗ, ಸಂತ್ಯಾಗ ಅದರಾಗ ಮಾತಾಡ್ತಾರ. ‘ಲುಕ್’ ಅಂದ್ರ ನೋಡು. ‘ಲುಕ್ ಫಾರ್’ ಅಂದ್ರ ಹುಡುಕು. ‘ಲುಕ್ ಆಫ್ಟರ್’ ಅಂದ್ರ ಜ್ವಾಪಾನ ಮಾಡು. ‘ಲುಕ್ ಡೌನ್ ಆನ್’ ಅಂದ್ರ ಕೀಳಾಗಿ ಕಾಣು.”

ನಮ್ಮಪ್ಪ ಮಾಯಪ್ಪ ಬೇರೆಯವರ ಹಿಂಡಿನಲ್ಲಿ ಸೇರಿದ ತನ್ನ ಕುರಿಯನ್ನು ಕಿವಿಯ ಗುರುತಿನಿಂದ ಹಿಡಿಯುತ್ತಿದ್ದ. ಇಲ್ಲಿ ಎಲ್ಲವಕ್ಕೂ ಮುಖ ಒಂದೇ, ಬಾಲ ನೋಡಿ ಗುರುತು ಹಿಡಿಯಬೇಕು.

“ದಿನಾ ಎರಡು ಜೋಡಿ. ವಾಕ್ಯ ನಿನ್ನ ದಿನದಾಗಿಂದನ ಬರಬೇಕು. ಪುಸ್ತಕದಾಗಿಂದ ಕದ್ದು ತಂದ್ರ ನನಗ ವಾಸನಿ ಬರ್ತದ.”

ನಾನು ಬರೆದೆ: ಐ ಗೆಟ್ ಅಪ್ ಅಟ್ ಫೈವ್. ಐ ಕ್ಲೀನ್ ಅಪ್ ಫೋರ್ಟೀನ್ ರೂಮ್ಸ್. ಐದಕ್ಕೆ ಏಳುತ್ತೇನೆ, ಹದಿನಾಲ್ಕು ಕೋಣೆ ಸ್ವಚ್ಛ ಮಾಡುತ್ತೇನೆ. ಬಾಯಾರು ಕನ್ನಡಕ ಸರಿಸಿ ನೋಡಿದರು. “ನಡುವ ಎಲ್ಲೂ ಕುಂದ್ರೂದಿಲ್ಲೇನ ನೀ? ‘ಸಿಟ್ ಡೌನ್’ ಅಂತ ಒಂದು ಬರೀ.” ಬರೆದೆ. ಕುಳಿತದ್ದು ಮಾತ್ರ ರಾತ್ರಿಯ ಊಟಕ್ಕೇ.

ನವೆಂಬರ್ 9, ರವಿವಾರ

ಖಾನಾಪುರಕ್ಕೆ ಹೋಗಿ ಬಂದೆ. ಅವ್ವ, ಮಾಯಕ್ಕ ಅವಳ ಹೆಸರು, ಅಣ್ಣನ ಮನೆಯಲ್ಲಿ ಕಟ್ಟೆಯ ಮೇಲೆ ಕೂತು ಉಣ್ಣೆ ಎಳೆಯುತ್ತಿದ್ದಳು. ಪರೀಕ್ಷೆಯ ಸುದ್ದಿ ಕೇಳಿ ದೇವರ ಜಗುಲಿಯಿಂದ ಒಂದು ಸಣ್ಣ ಗಂಟು ತಂದು ಕೈಯಲ್ಲಿಟ್ಟಳು. ಭಂಡಾರ, ನಮ್ಮ ದೇವಿಯ ಅರಿಶಿನ ಪುಡಿ. ನಮ್ಮವರಲ್ಲಿ ಕುರಿ ಮೇವು ಬಿಟ್ಟರೂ ಭಂಡಾರ, ಕೂಸು ರಚ್ಚೆ ಹಿಡಿದರೂ ಭಂಡಾರ. ಹಣೆಗಿಷ್ಟು ಹಚ್ಚಿ, ಒಂದು ಚಿಟಿಕೆ ದಿಂಬಿನ ಕೆಳಗಿಟ್ಟು, ಆಮೇಲೆ ದವಾಖಾನೆಗೆ ಹೊರಡುವುದು.

“ಪರೀಕ್ಷಾ ದಿನ ಹಣಿಗೆ ಹಚ್ಕೊಂಡು ಹೋಗು,” ಅಂದಳು. “ಅದಕ್ಕ ಇಂಗ್ಲಿಷ್ ಬರತೈತೇನಬೇ?” ಅಂದೆ. “ನಿನಗಿಂತ ಚಲೋ ಬರತೈತಿ, ತಗೊ,” ಅಂದಳು.

ಇವತ್ತಿನ ಜೋಡಿ ‘ಬ್ರಿಂಗ್ ಅಪ್’, ಸಾಕಿ ಬೆಳೆಸು. ನನ್ನ ಅವ್ವ ನಾಲ್ಕು ಮಕ್ಕಳನ್ನೂ ನೂರು ಕುರಿಗಳನ್ನೂ ಬೆಳೆಸಿದಳು ಎಂದು ಬರೆದೆ. ಬಾಯಾರಿಗೆ ಭಾರಿ ಖುಷಿಯಾಯಿತು. ನನಗೂ.

ನವೆಂಬರ್ 12, ಬುಧವಾರ

ಬೆಳಗ್ಗೆ ಗಾದಿ ಎತ್ತುವಾಗ ಟೊಂಕ ಹಿಡಿದುಕೊಂಡಿತು. ಮುನ್ನೂರ ಒಂಬತ್ತು ನನ್ನ ಪಾಲಿಗಿತ್ತು. ಎರಡು ದೊಡ್ಡ ಮಂಚ, ಭಾರದ ಗಾದಿ. ಗೌರವ್ವಕ್ಕ ನನ್ನ ಮುಖ ನೋಡಿ, “ಅದನ್ನ ನಾ ಮಾಡ್ತೀನಿ ಬಿಡು. ನೀ ನನ್ನ ಮುನ್ನೂರ ನಾಲ್ಕಕ್ಕ ಹೋಗು, ಹಗುರ ಐತಿ,” ಅಂದಳು. ಹೀಗೆ ಅದಲು ಬದಲು ನಾವೆಲ್ಲ ಮಾಡಿಕೊಳ್ಳುತ್ತೇವೆ. ಶೀಟಿನಲ್ಲಿ ಮಾತ್ರ ಮೊದಲಿನ ಹೆಸರೇ ಇರುತ್ತದೆ. ಅಭಿಜಿತ ಸರ್‌ಗೆ ತಿಳಿದರೆ ಇಬ್ಬರಿಗೂ ಮಂಗಳಾರತಿ.

ಮುನ್ನೂರ ನಾಲ್ಕರಲ್ಲಿ ತಮಿಳುನಾಡಿನ ಗಂಡ ಹೆಂಡತಿ, ಎರಡು ವರ್ಷದ ಹೆಣ್ಣು ಮಗು. ಮಗುವಿಗೆ ಜ್ವರ. ಗಂಡ ಫೋನಿನಲ್ಲಿ ಡಾಕ್ಟರನ್ನು ಹುಡುಕುತ್ತಿದ್ದ. ಆಕೆ ಕುರ್ಚಿಯಲ್ಲಿ ಮಗುವನ್ನು ಎದೆಗವಚಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ನನ್ನ ಮಗಳಿಗೂ ಆ ವಯಸ್ಸಿನಲ್ಲಿ ಹೀಗೇ ಆಗಿತ್ತು, ಮೂರು ದಿನಕ್ಕೆ ಇಳಿಯಿತು, ಅಂಜಬೇಡ ತಂಗಿ ಎಂದು ಹೇಳಬೇಕಿತ್ತು. ಆಕೆಗೆ ಹಿಂದಿ ಬಾರದು. ನನ್ನ ತಲೆಯಲ್ಲಿ ಇದ್ದದ್ದು ಗೆಟ್ ಅಪ್, ಕ್ಲೀನ್ ಅಪ್, ಸಿಟ್ ಡೌನ್. “ಬೇಬಿ ಗುಡ್,” ಅಂದೆ. ಆಕೆ ಮಿಕಿಮಿಕಿ ನೋಡಿದಳು. ಥೂ, ನಾಲಗೆಯಿದ್ದೂ ಮೂಕಿ.

ಅವ್ವ ಕೊಟ್ಟ ಗಂಟು ಸೊಂಟದಲ್ಲೇ ಇತ್ತು. ಹಾಸಿಗೆ ಹಾಸುವಾಗ ಒಂದು ಕಾಗದದಲ್ಲಿ ಚಿಟಿಕೆ ಭಂಡಾರ ಮಡಚಿ ಮಗುವಿನ ದಿಂಬಿನ ಕೆಳಗಿಟ್ಟೆ. ಮನಸ್ಸಿಗೆ ಎಷ್ಟೋ ಹಗುರವಾಯಿತು.

ನವೆಂಬರ್ 13, ಗುರುವಾರ

ಅಕ್ಷರ ಸೊಟ್ಟಗಾಗುತ್ತಿವೆ.

ರಾತ್ರಿ ಮಗು ವಾಂತಿ ಮಾಡಿಕೊಂಡಿತಂತೆ. ಬೆಳಗ್ಗೆ ಆಸ್ಪತ್ರೆಗೆ ಒಯ್ಯಲು ಎತ್ತಿದಾಗ ದಿಂಬು ಸರಿದು ಕಾಗದ ಬಿಚ್ಚಿದೆ. ಬೆಳ್ಳನೆಯ ಚಾದರದ ಮೇಲೆಲ್ಲ ಹಳದಿ. ಆ ತಾಯಿ ಕೂಗಿದ್ದು ಕೆಳಗಿನ ಮಜಲಿಗೂ ಕೇಳಿಸಿತು. ಬ್ಲ್ಯಾಕ್ ಮ್ಯಾಜಿಕ್, ಬ್ಲ್ಯಾಕ್ ಮ್ಯಾಜಿಕ್. ನನ್ನ ಮಗುವಿಗೆ ಯಾರೋ ಮಾಟ ಮಾಡಿದ್ದಾರೆ ಎಂದು. ಆಕೆಯ ಗಂಡ ಫೋಟೋ ತೆಗೆದು ಹೊಟೇಲಿನ ಹೆಸರು ಹಾಕಿ ಇಂಟರ್ನೆಟ್ಟಿನಲ್ಲಿ ಊರಿಗೆಲ್ಲ ಕಾಣುವಂತೆ ಬರೆದ.

ಅಭಿಜಿತ ಸರ್ ಶೀಟು ತೆಗೆದರು. ಮುನ್ನೂರ ನಾಲ್ಕು, ಗೌರವ್ವ.

“ಗೌರವ್ವಾ, ಇದು ನೀವು ಇಟ್ಟದ್ದೇನು?”

“ನಾ ಅಲ್ಲರಿ ಸರ.”

“ಮತ್ತ ಯಾರು? ನಿಮ್ಮ ಹೆಸರು ಅದ ಇಲ್ಲೆ.”

ಗೌರವ್ವಕ್ಕ ನನ್ನ ಕಡೆ ನೋಡಿದಳು. ಒಂದೇ ಸಲ. ನಾನು ಗಾಡಿಯ ಮೇಲಿನ ಟವೆಲ್ಲು ಎಣಿಸುತ್ತಿದ್ದೆ. ಆಕೆ ಮತ್ತೆ “ನಾ ಅಲ್ಲರಿ” ಅಂದಳು, ಅಷ್ಟೇ. ಅದಲು ಬದಲಿನ ಸುದ್ದಿ ತೆಗೆಯಲಿಲ್ಲ, ನನ್ನ ಹೆಸರು ತೆಗೆಯಲಿಲ್ಲ. ಅಲ್ಲೇ ಆಕೆಯ ಹೆಸರಿನ ಬಿಲ್ಲೆ ಬಿಚ್ಚಿಸಿಕೊಂಡರು. ಚೀಲ ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಹೋದಳು.

ನವೆಂಬರ್ 14, ಶುಕ್ರವಾರ

ಜೋಡಿ ಬರೆಯಲಿಲ್ಲ. ತಲೆನೋವು ಎಂದು ಬಾಯಾರಿಗೆ ಸುಳ್ಳು ಹೇಳಿದೆ.

ನವೆಂಬರ್ 17, ಸೋಮವಾರ

ಮಗು ಆರಾಮವಾಯಿತು. ಶನಿವಾರ ಅವರು ಹೊರಟುಹೋದರಂತೆ. ಹೊಟೇಲಿನ ಬಗ್ಗೆ ಬರೆದದ್ದನ್ನು ಅಳಿಸಲಿಲ್ಲ.

ಗಂಡನಿಗೆ ಹೇಳಿದೆ. ಸಂಜಯ ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚು ಹಾಕುವವನು. ಕಣ್ಣಿನ ಸುತ್ತಲಿನ ಮಸಿ ತೊಳೆದುಕೊಳ್ಳುತ್ತ ಪೂರ್ತಿ ಕೇಳಿದ.

“ನೀ ಹೋಗಿ ಹೇಳಿದ್ರ ಏನಾಗತೈತಿ? ಆಕಿನ ವಾಪಸ್ ತಗೋತಾರೋ ಇಲ್ಲೋ, ನಿನ್ನಂತೂ ಹೊರಗ ಹಾಕ್ತಾರ. ಇಪ್ಪತ್ತೆಂಟು ಮುಗೀಲಿ. ಇನ್‌ಚಾರ್ಜ್ ಆದಿ ಅಂದ್ರ ನೀನ ಆಕಿನ ಒಳಗ ತಗೊ.”

ಲೆಕ್ಕ ಸರಿಯಾಗಿಯೇ ಇದೆ. ನಾನು ತಲೆಯಾಡಿಸಿದೆ. ಸಂಜೆ ಬಾಯಾರು ಕೊಟ್ಟ ಜೋಡಿ ‘ಪುಟ್ ಆಫ್’, ಮುಂದೂಡು. ನನ್ನ ವಾಕ್ಯ: ಪೀಪಲ್ ಪುಟ್ ಆಫ್ ಮೆನಿ ಥಿಂಗ್ಸ್. ಜನ ಎಷ್ಟೋ ವಿಷಯ ಮುಂದೂಡುತ್ತಾರೆ. ಬಾಯಾರು ತಪ್ಪಿಲ್ಲ ಎಂದು ಗುರುತು ಹಾಕಿದರು.

ಗೌರವ್ವಕ್ಕನ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಚಾದರದ ಮೂಲೆ ಮಡಚುವುದೂ ಬರುವುದಿಲ್ಲ. ಆಕೆಯ ಕೋಣೆಗಳನ್ನೂ ನಾನೇ ಮತ್ತೊಮ್ಮೆ ಮಾಡಿದೆ.

ನವೆಂಬರ್ 21, ಶುಕ್ರವಾರ

ಹೊಟೇಲಿನ ಗೇಟಿನಲ್ಲಿ ನಿಲ್ಲುವ ಬಸಲಿಂಗಪ್ಪ ಪೀರನವಾಡಿಯವನು. ಇವತ್ತು ಚಹಾ ಕುಡಿಯುತ್ತ ಅವನೇ ಬಾಯಿಬಿಟ್ಟ. “ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತಾಗೇತಿ ಬಿಡ್ರಿ. ಮಾಟಗಾತಿ ಅಂತ ಗೌರವ್ವ. ಆಕಿ ಬಂದ್ರ ಮಂದಿ ಕೂಸು ಒಳಗ ಕರ್ಕೋತಾರ.” ಗೊತ್ತಾಗಿದ್ದು ಹೇಗೆ ಎಂದು ನಾನು ಕೇಳಲಿಲ್ಲ. ಅವನ ಬಾಯಿ ಊರ ಬಾಗಿಲು.

ಸಂಜೆ ಎಣ್ಣೆ ತಿಕ್ಕುವಾಗ ಬಾಯಾರು ಒಂದು ವಾರದ ವಾಕ್ಯಗಳನ್ನು ಒಟ್ಟಿಗೆ ಓದಿದರು.

“ಅಗ ಮನಿಷಾ, ತಪ್ಪು ಕಡಿಮಿ ಆಗ್ಯಾವ. ಆದ್ರ ಮೊದ್ಲ ನಿನ್ನ ವಾಕ್ಯದಾಗ ನೀ ಇರ್ತಿದ್ದಿ, ನಿಮ್ಮ ಅವ್ವ ಇರ್ತಿದ್ಲು. ಈಗ ಬರೇ ‘ಜನ ಹಂಗ ಮಾಡ್ತಾರ, ಜನ ಹಿಂಗ ಮಾಡ್ತಾರ.’ ನೀ ಎಲ್ಲಿ ಹೋದಿ?”

“ಕೆಲಸ ಭಾಳ ಆಗೇತ್ರಿ ಬಾಯಾರ,” ಅಂದೆ. ವಯಸ್ಸಾದವರಿಗೆ ಮಾತಾಡಲು ಏನಾದರೂ ಬೇಕು. ತಪ್ಪು ಕಡಿಮೆಯಾಗಿದೆಯಲ್ಲ, ಸಾಕು.

ನವೆಂಬರ್ 23, ರವಿವಾರ

ಬೆಳಗ್ಗೆ ಖಾನಾಪುರ. ಅವ್ವನಿಗೆ ಹೇಳಬಾರದೆಂದೇ ಹೋಗಿದ್ದೆ. ಊಟಕ್ಕೆ ಕೂತಾಗ “ಭಂಡಾರ ಹಂಗ ಐತೇನ, ಚೆಲ್ಲಿದೇನ?” ಅಂದಳು. ಹೊಟ್ಟೆಯೊಳಗಿದ್ದ ಮಾತೆಲ್ಲ ಹೊರಗೆ ಬಂತು. ಗೌರವ್ವಕ್ಕನ ವಿಷಯಕ್ಕೆ ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಬೇರೆಯದನ್ನೇ ಕೇಳಿದಳು.

“ಅವರು ನಮ್ಮ ಭಂಡಾರಕ್ಕ ಮಾಟ ಅಂದಾಗ ನೀ ಅಲ್ಲೇ ನಿಂತಿದ್ದೇನ?”

“ನಿಂತಿದ್ದೆ.”

“ಏನಂದಿ?”

“ಏನೂ ಅನ್ನಲಿಲ್ಲ.”

ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಹೊರಗೆ ಹೋಗಿ ಕೂತಳು. ಹೊರಡುವಾಗ ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಮೂವತ್ತೇಳು ವರ್ಷದಲ್ಲಿ ಹೀಗೆ ಮಾಡಿದ್ದು ಇದೇ ಮೊದಲು.

ಬರುವ ದಾರಿಯಲ್ಲಿ ಪೀರನವಾಡಿಯಲ್ಲಿ ಇಳಿದೆ. ಅನಗೋಳದ ತನಕ ಚೀಟಿ ತೆಗೆದಿದ್ದೆ, ಯಾಕೆ ಇಳಿದೆನೋ. ಗೌರವ್ವಕ್ಕ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. “ಬಾ, ಕುಂದ್ರು,” ಅಂದು ಚಾಪೆ ಕೊಡವಿದಳು. ಬೈದಿದ್ದರೆ ಚೆನ್ನಾಗಿತ್ತು. ಚಹಾ ಮಾಡಿದಳು, ಟೊಂಕ ಹೇಗಿದೆ ಅಂದಳು.

ಆ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆಯುವವಳು ಗೌರವ್ವಕ್ಕ. ಹೊಟೇಲಿಗೆ ಹೋಗುವ ಮುಂಚೆ, ಬೆಳಗ್ಗೆ ಆರಕ್ಕೆ, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು. ಇಪ್ಪತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ ಎಂದು ನನ್ನ ಮುಂದೆ ಎಷ್ಟು ಸಲ ಹೆಮ್ಮೆಪಟ್ಟುಕೊಂಡಿದ್ದಾಳೋ.

“ಬಾಜೂಕಿನ ಶೀತಲನ ಕೂಸಿಗೆ ಹನ್ನೆರಡು ದಿನ ಎರದಿದ್ದೆ,” ಅಂದಳು. “ಹದಿಮೂರನೇ ದಿನ ಹೋದ್ರ ಆಕಿ ಅತ್ತಿ ಬಾಗಲಾ ಹಾಕಿದ್ಲು. ಒಳಗ ಕೂಸು ಅಳೂದು ಕೇಳಸ್ತಿತ್ತು. ಹೊಟೇಲ್ ಹೋದ್ರ ಹೋತು, ಮತ್ತೊಂದು ಸಿಗತೈತಿ. ಕೂಸಿನ ಮೈಮ್ಯಾಲಿನ ಕೈ ತಗಸಿಬಿಟ್ರಲ್ಲವಾ.”

ತನ್ನ ಎರಡು ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ನಾನು ಚಹಾ ಕುಡಿದೆ. ಕಪ್ಪು ತೊಳೆದಿಟ್ಟು ಬಂದೆ.

ನವೆಂಬರ್ 26, ಬುಧವಾರ

ನಾಡಿದ್ದು ಪರೀಕ್ಷೆ. ‘ಕಷ್ಟದ ದಿನವೊಂದರ ಬಗ್ಗೆ ಹೇಳು’ ಎಂದು ಕೇಳುತ್ತಾರೆ ಅಂತ ಬಾಯಾರು ಒಂದು ಉತ್ತರ ಬರೆಸಿದ್ದಾರೆ. ಬೇಸಿಗೆಯಲ್ಲಿ ಮೂರನೇ ಮಜಲಿನ ನೀರು ತೀರಿದ್ದು, ನಾವು ಕೊಡ ಹೊತ್ತದ್ದು. ‘ರನ್ ಔಟ್’ ಅಂದರೆ ತೀರಿಹೋಗು. ‘ಕ್ಯಾರಿ ಅಪ್’, ‘ಫಿಲ್ ಅಪ್’, ಎಲ್ಲ ಜೋಡಿಗಳನ್ನೂ ಮಣಿ ಪೋಣಿಸಿದ ಹಾಗೆ ಪೋಣಿಸಿದ್ದಾರೆ. ನೀರು ಕಾಯಿಸುವಾಗ, ಬಸ್ಸಿನಲ್ಲಿ, ಬಚ್ಚಲು ತಿಕ್ಕುವಾಗ ಅದನ್ನೇ ಗುಣುಗುಣು ಅನ್ನುತ್ತಿದ್ದೇನೆ. ಚೆನ್ನಾಗಿ ಬರುತ್ತದೆ.

ನಿದ್ದೆ ಮಾತ್ರ ಬರುವುದಿಲ್ಲ. ಅವ್ವ ಫೋನು ಎತ್ತುತ್ತಿಲ್ಲ.

ಮುಂದಿನ ಪುಟದಲ್ಲಿ ಇವತ್ತು ಬಾಯಾರಿಗೆ ತೋರಿಸದ ಒಂದು ವಾಕ್ಯ ಬರೆದೆ: ಐ ಲೆಟ್ ಡೌನ್ ಗೌರವ್ವ. ನಂಬಿದವರಿಗೆ ಕೈಕೊಡುವುದಕ್ಕೆ ‘ಲೆಟ್ ಡೌನ್’ ಅನ್ನುತ್ತಾರಂತೆ. ಸರಿಯಿದೆಯೋ ತಪ್ಪಿದೆಯೋ. ಅಳಿಸಿದೆ, ಮತ್ತೆ ಬರೆದೆ. ಇರಲಿ, ಯಾರು ನೋಡುತ್ತಾರೆ.

ನವೆಂಬರ್ 28, ಶುಕ್ರವಾರ

ಹೆಡ್ ಆಫೀಸಿನ ಮ್ಯಾಡಮ್ ಹೆಸರು ರಸಿಕಾ. ಸಣ್ಣ ವಯಸ್ಸು, ಎಣ್ಣೆ ಹಾಕಿ ಬಾಚಿದ ಕೂದಲು, ಹುಬ್ಬಿನ ನಡುವೆ ಸಣ್ಣ ಟಿಕಳಿ. ಬಾಜೂಕೆ ಅಭಿಜಿತ ಸರ್. ಹೆಸರು, ಊರು, ಕೆಲಸ ಕೇಳಿದರು, ಹೇಳಿದೆ. ಕೋಣೆಯಲ್ಲಿ ಸೋಪು ತೀರಿದರೆ ಗೆಸ್ಟಿಗೆ ಏನನ್ನುತ್ತೀರಿ, ಹೇಳಿದೆ. ಅಭಿಜಿತ ಸರ್ ಮುಗುಳ್ನಕ್ಕರು. ಆಮೇಲೆ ಬಾಯಾರು ಅಂದದ್ದೇ ಬಂತು. ಕಷ್ಟದ ದಿನವೊಂದರ ಬಗ್ಗೆ ಹೇಳಿ.

ಇನ್ ಸಮ್ಮರ್, ವಾಟರ್ ರ‍್ಯಾನ್ ಔಟ್, ಎಂದು ಶುರು ಮಾಡಿದೆ. ಎರಡನೇ ವಾಕ್ಯ ಬರಲಿಲ್ಲ. ಮರೆತಿರಲಿಲ್ಲ, ಬಾಯಿಯೊಳಗೇ ಇತ್ತು. ಆ ಮ್ಯಾಡಮ್ ಪೆನ್ನು ಹಿಡಿದು ಕಾಯುತ್ತಿದ್ದರು. ಅವರ ಕೈಗಳನ್ನು ನೋಡಿದೆ, ಗೌರವ್ವಕ್ಕನ ಕೈ ನೆನಪಾಯಿತು. ಏನಾಯಿತೋ ಶಿವನೇ ಬಲ್ಲ, ಹೊರಗೆ ಬಂದದ್ದು ಬೇರೆ.

“ನೋ ಮ್ಯಾಡಮ್. ನಾಟ್ ವಾಟರ್. ಐ ಕ್ಲೀನ್ಡ್ ಅಪ್ ತ್ರೀ ನಾಟ್ ಫೋರ್. ಗೌರವ್ವ ಡಿಡ್ ನಾಟ್ ಗೋ ಇನ್. ಬೇಬಿ ಈಸ್ ಕ್ರೈಯಿಂಗ್, ಮದರ್ ಈಸ್ ಕ್ರೈಯಿಂಗ್. ಮೈ ವರ್ಡ್ಸ್ ರ‍್ಯಾನ್ ಔಟ್. ಐ ಪುಟ್ ದಿ ಪೌಡರ್.”

ಮುನ್ನೂರ ನಾಲ್ಕನ್ನು ಸ್ವಚ್ಛ ಮಾಡಿದವಳು ನಾನು, ಗೌರವ್ವ ಒಳಗೇ ಹೋಗಿಲ್ಲ, ತಾಯಿ ಮಗು ಅಳುತ್ತಿದ್ದರು, ನನ್ನ ಮಾತುಗಳು ತೀರಿಹೋಗಿದ್ದವು, ಪುಡಿ ಇಟ್ಟವಳು ನಾನು. ಅಷ್ಟೂ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಇಂಗ್ಲಿಷೂ ತೀರಿತು.

“ಮನಿಷಾ, ಏನ್ ಹೇಳಾಕತ್ತೀರಿ ಗೊತ್ತದೇನು ನಿಮಗ?” ಅಭಿಜಿತ ಸರ್ ಎದ್ದು ನಿಂತರು.

“ಗೊತ್ತೈತ್ರಿ ಸರ. ಅದು ಮಾಟ ಅಲ್ಲರಿ. ನಮ್ಮ ದೇವಿ ಭಂಡಾರ. ನನ್ನ ಮಗಳಿಗೂ ಅದನ್ನ ಇಡ್ತಿದ್ದೆ. ಕೇಳದ ಮಂದಿ ಹಾಸಿಗ್ಯಾಗ ಇಟ್ಟದ್ದು ನನ್ನ ತಪ್ಪು. ಆ ತಾಯಿ ಅಂಜಿದ್ದು ತಪ್ಪಲ್ಲ. ಗೌರವ್ವಕ್ಕಂದಂತೂ ಏನೂ ಇಲ್ಲ.”

ರಸಿಕಾ ಮ್ಯಾಡಮ್‌ಗೆ ಕನ್ನಡ ಬರುತ್ತಿತ್ತು. “ಹದಿನೈದು ದಿನ ಯಾಕ ಸುಮ್ಮನಿದ್ರಿ?” ಅಂದರು.

“ಐ ಪುಟ್ ಇಟ್ ಆಫ್, ಮ್ಯಾಡಮ್. ಎವ್ರಿ ಡೇ.”

ಸಂಜೆ ಅಭಿಜಿತ ಸರ್ ಕರೆದರು. ಸಿಟ್ಟು ಇಳಿದು ಸಪ್ಪಗಾಗಿದ್ದರು. “ಇಂಗ್ಲಿಷ್‌ನಾಗ ನೀವು ಪಾಸ್ ಅಂತ ಮ್ಯಾಡಮ್ ಬರದಾರ. ಆದ್ರ ಶೀಟಿನ ಮ್ಯಾಲೆ ಖೊಟ್ಟಿ ಹೆಸರು, ಗೆಸ್ಟ್ ದಿಂಬಿನ ಕೆಳಗ ಪುಡಿ, ಇಷ್ಟು ದಿನ ಸುಳ್ಳು. ನಾ ಏನೂ ಮಾಡಾಕ ಆಗೂದಿಲ್ಲ. ನಾಳಿಂದ ಬರಬ್ಯಾಡ್ರಿ. ಗೌರವ್ವಗ ಫೋನ್ ಹಚ್ಚೀನಿ, ಸೋಮವಾರದಿಂದ ಬರ್ತಾರ.” ನನ್ನ ಬಿಲ್ಲೆ ನಾನೇ ಬಿಚ್ಚಿ ಮೇಜಿನ ಮೇಲಿಟ್ಟೆ.

ಇಂಗ್ಲಿಷ್ ಪಾಸು, ಕೆಲಸ ಖಲಾಸು. ಸಂಜಯ ಎಲ್ಲ ಕೇಳಿದ. ಆಮೇಲೆ, “ಉಂಡೀ ಇಲ್ಲೋ?” ಅಂದ. ಉಂಡಿಲ್ಲ ಅಂದೆ. ಅವನೇ ತಾಟು ಹಚ್ಚಿದ. ಬಾಯಾರಿಗೆ ಹೇಳಿದ್ದಕ್ಕೆ ಅವರು ಮರಾಠಿಯಲ್ಲಿ ಏನೋ ಗೊಣಗಿ, ಕಣ್ಣೊರೆಸಿಕೊಂಡು, ‘ಗೋ ಇನ್’ ಸರಿಯಾಗಿ ಹಾಕಿದ್ದಿ ಅಂದರು. ಅವ್ವ ಫೋನು ಎತ್ತಿದಳು. ನಾನು ಹೇಳಿದೆ, ಆಕೆ ಹೂಂ ಅಂದಳು.

ಇವತ್ತು ಚೆನ್ನಾಗಿ ನಿದ್ದೆ ಬರಬೇಕು. ಬಹಳ ದಣಿದಿದ್ದೇನೆ.

ನವೆಂಬರ್ 30, ರವಿವಾರ

ಬೆಳಗ್ಗೆ ಆರಕ್ಕೇ ಪೀರನವಾಡಿಗೆ ಹೋದೆ. ಗೌರವ್ವಕ್ಕ ಎದ್ದು ಅಂಗಳ ಗುಡಿಸುತ್ತಿದ್ದಳು. ಹೊಟೇಲಿನಿಂದ ಫೋನು ಬಂದಿತ್ತಂತೆ. ಕಾಲಿಗೆ ಬೀಳಲು ಬಗ್ಗಿದೆ, ಹಿಂದೆ ಸರಿದಳು.

“ಯಕ್ಕಾ, ಅವತ್ತ ನನ್ನ ಹೆಸರು ಯಾಕ ಹೇಳಲಿಲ್ಲ?”

“ನಾ ಹೇಳಿದ್ರ, ತಾ ಉಳೀಲಿಕ್ಕ ಮತ್ತೊಬ್ಬಾಕಿ ಮ್ಯಾಲೆ ಹಾಕಿದ್ಲು ಅಂತಿದ್ರು. ನೀ ಹೇಳ್ತಿ ಅಂತ ತಿಳಕೊಂಡಿದ್ದೆ. ಅವತ್ತ ಹೇಳ್ತಿ, ನಾಳಿ ಹೇಳ್ತಿ, ರವಿವಾರ ಮನಿಗೆ ಬಂದಾಗರೆ ಹೇಳ್ತಿ ಅಂತ. ಚಹಾ ಕುಡದು ಎದ್ದ ಹೋದಿ.”

ಕಸಬರಿಗೆ ಬಿಡದೆಯೇ ಮಾತಾಡಿದಳು. ನಾನು ಅತ್ತುಬಿಟ್ಟೆ. ಸಮಾಧಾನ ಮಾಡಲಿಲ್ಲ.

“ಈಗ ಹೇಳೀನಲ್ಲ ಯಕ್ಕಾ. ದೊಡ್ಡ ಮ್ಯಾಡಮ್ ಮುಂದ, ಇಂಗ್ಲಿಷ್‌ನಾಗ.”

“ಈ ಓಣ್ಯಾಗ ಯಾರಿಗೆ ಬರತೈತವಾ ಇಂಗ್ಲಿಷು?” ಅಂದಳು.

ಹೌದಲ್ಲ. ನಾನು ಹೇಳಿದ್ದು ಹೊಟೇಲಿನ ಮೂರನೇ ಮಜಲಿನಲ್ಲಿ. ಬಾಗಿಲು ಹಾಕಿಕೊಂಡವರು ಇಲ್ಲಿದ್ದಾರೆ. ಮುಖ ಒರೆಸಿಕೊಂಡು ಓಣಿಯ ತುದಿಗೆ ಹೋಗಿ ಮೊದಲನೇ ಮನೆಯ ಕದ ತಟ್ಟಿದೆ. “ನನ್ನ ಹೆಸರು ಮನಿಷಾರಿ. ಗೌರವ್ವಕ್ಕನ ಕೂಡ ಹೊಟೇಲಿನಾಗ ಇದ್ದೆ. ಆ ಪುಡಿ ಇಟ್ಟಾಕಿ ನಾನು. ಆಕಿ ಅಲ್ಲ.” ಆ ಹೆಂಗಸು ಹಲ್ಲು ತಿಕ್ಕುತ್ತ ನಿಂತು ಕೇಳಿದಳು, ಉಗುಳಿ ಒಳಗೆ ಹೋದಳು. ಎರಡನೇ ಮನೆಯ ಮುದುಕ ಯಾಕೆ ಇಟ್ಟೆ ಅಂದ, ಯಾರ ಮಗಳು ಅಂದ, ಎಲ್ಲ ಹೇಳಿಸಿದ. ಐದನೆಯದರಲ್ಲಿ “ನಿನಗ ಆಕಿ ಎಷ್ಟ ರೊಕ್ಕಾ ಕೊಟ್ಟಾಳ ಹಿಂಗ ಹೇಳಾಕ?” ಅಂದರು. ಬಸಲಿಂಗಪ್ಪನ ಮನೆಯಲ್ಲಿ ಅವನು ಲುಂಗಿ ಸರಿಮಾಡಿಕೊಳ್ಳುತ್ತ ಎದುರಿಗೆ ಬಂದ, ಅವನ ಹೆಂಡತಿಯ ಮುಂದೆ ಎರಡು ಸಲ ಹೇಳಿದೆ. ಪ್ರತಿ ಬಾಗಿಲಲ್ಲೂ ಅದೇ ಮಾತು. ಹತ್ತು ಮನೆಯಾಗುವ ಹೊತ್ತಿಗೆ ಗಂಟಲು ಒಣಗಿತ್ತು. ಗೌರವ್ವಕ್ಕ ನಾಲ್ಕು ಹೆಜ್ಜೆ ಹಿಂದೆ, ಸೆರಗು ಹೊದ್ದು ಬರುತ್ತಿದ್ದಳು.

ಹನ್ನೊಂದನೆಯದು ಶೀತಲಳ ಮನೆ. ಅತ್ತೆ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಒಳಗೆ ಬಚ್ಚಲಲ್ಲಿ ಕೂಸು ಕಿರುಚುತ್ತಿತ್ತು. ಶೀತಲ ಎಳೆಯ ಬಾಣಂತಿ, ಕೂಸಿನ ಕುತ್ತಿಗೆ ಹಿಡಿಯಲೂ ಬಾರದೆ ಒದ್ದಾಡುತ್ತಿದ್ದಳು, ಅವಳೂ ಅಳುತ್ತಿದ್ದಳು.

“ಖರೇ ಏನ ನೀ ಹೇಳೂದು?” ಅಂದಳು ಅತ್ತೆ.

“ಖರೇರಿ. ನನ್ನ ಕೆಲಸ ಹೋತ್ರಿ ಅದಕ್ಕ.”

ಅತ್ತೆ ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು. ಒಳಗಿನ ಅಳು ನಿಲ್ಲಲಿಲ್ಲ. ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು, ಅಷ್ಟೇ. ಬಾ ಅನ್ನಲಿಲ್ಲ. ಗೌರವ್ವಕ್ಕ ನನ್ನನ್ನು ದಾಟಿಕೊಂಡು ಒಳಗೆ ಹೋದಳು. ಸೀರೆ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಕೂತು ಕಾಲು ಚಾಚಿದಳು. ಶೀತಲ ಕೂಸನ್ನು ಕಾಲ ಮೇಲಿಟ್ಟಳು. ಗೌರವ್ವಕ್ಕ ಎರಡೂ ಕೈ ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅದರ ಬೆನ್ನ ಮೇಲೆ ಇಟ್ಟಳು.

“ಏನ್ ನೋಡ್ಕೋತ ನಿಂತಿ? ನೀರು ಹಾಕು,” ಅಂದಳು ನನಗೆ. ತಂಬಿಗೆ ತೆಗೆದುಕೊಂಡು ಬಗ್ಗಿದೆ. ಸಾಕು ಅನ್ನುವ ತನಕ ಹಾಕಿದೆ.

ಹೊರಗೆ ಬಂದಾಗ ಬಿಸಿಲೇರಿತ್ತು. ಗೌರವ್ವಕ್ಕ ಕೈ ಒರೆಸಿಕೊಳ್ಳುತ್ತ ಬಸ್‌ಸ್ಟಾಪಿನ ತನಕ ಬಂದಳು. ಕ್ಷಮಿಸಿದೆ ಅನ್ನುತ್ತಾಳೆ ಎಂದು ಕಾದೆ. ಬಸ್ಸು ಬಂತು.

“ನಾಳಿ ಮತ್ತ ಬಾ,” ಅಂದಳು. “ಆಚೀ ಓಣಿ ಇನ್ನೂ ಉಳದೈತಿ.”